ಎದುರುಬದುರು ಕಟ್ಟೆ

ಭ್ರಮರಾಂಬಕ್ಕ ಹಿಂದೂಪುರಕ್ಕೆ ಸೊಸೆಯಾಗಿ ಬಂದಾಗ ಅವರಿಗೆ ಮೊದಲು ಬೇಸರ ತಂದದ್ದು ಗಂಡನ ಮನೆಗೆ ಜಗಲಿ ಇಲ್ಲದ್ದು. ಕೆಳಗೆ ಹುಣಸೆಹಣ್ಣಿನ ಮಂಡಿ, ಮೇಲೆ ಮನೆ. ಬೀದಿಯ ಕಡೆಗೆ ಕಬ್ಬಿಣದ ಶಟರ್. ಎತ್ತಿದರೆ ವ್ಯಾಪಾರ, ಇಳಿಸಿದರೆ ಗೋಡೆ.

ಅವರ ತವರು ಕಲ್ಯಾಣದುರ್ಗ. ಅಲ್ಲಿ ತಲೆಬಾಗಿಲಿಗೆ ಹೋಗುವ ದಾರಿಯ ಎಡಕ್ಕೂ ಬಲಕ್ಕೂ ಎರಡು ಜಗಲಿಗಳು ಒಂದನ್ನೊಂದು ನೋಡಿಕೊಂಡು ಇದ್ದವು. ತಂದೆ ಕಡಲೆಕಾಯಿ ಬೀಜದ ವ್ಯಾಪಾರಿ. ಬ್ರಹ್ಮಸಮುದ್ರದ ಕಡೆಯಿಂದ ಬಸ್ಸಿಳಿದವರು, ಜೀಪು ತುಂಬಲಿ ಎಂದು ಕಾಯುವವರು, ಬಿಸಿಲಿಗೆ ಸೋತವರು, ಯಾರು ಬೇಕಾದರೂ ಬಂದು ಕೂರುತ್ತಿದ್ದರು. ಜಗಲಿಯ ಮೇಲೆ ಕೂತವರನ್ನು ಯಾಕೆ ಬಂದಿರಿ ಎಂದು ಮನೆಯವರು ಕೇಳುವಂತಿರಲಿಲ್ಲ. ನೀರು ಬೇಕೇ ಎಂದು ಮಾತ್ರ ಕೇಳಬೇಕು. ಆ ಮನೆಯ ಹೆಣ್ಣುಮಕ್ಕಳು ಬಾಗಿಲ ಹಿಂದೆ ನಿಂತೇ ಅರ್ಧ ಪ್ರಪಂಚ ತಿಳಿದುಕೊಂಡರು.

ಮದುವೆಯಾಗಿ ಬಹಳ ವರ್ಷಗಳ ಮೇಲೆ ಭ್ರಮರಾಂಬಕ್ಕನಿಗೆ ಒಬ್ಬಳೇ ಮಗಳು ಹುಟ್ಟಿದಳು. ಪುಷ್ಪಲತಾ. ಬೇಸಿಗೆ ರಜೆ ಬಂದರೆ ಅವಳು ಕಲ್ಯಾಣದುರ್ಗದ ಜಗಲಿ ಬಿಟ್ಟು ಏಳುತ್ತಿರಲಿಲ್ಲ. ಓದಿನಲ್ಲಿ ಅಂಥ ಜಾಣೆಯೇನಲ್ಲ. ಇಂಟರ್‌ನಲ್ಲಿ ಅಂದರೆ ಪಿಯುಸಿಯಲ್ಲಿ, ಲೆಕ್ಕದ ಪರೀಕ್ಷೆ ಎರಡು ಸಲ ಫೇಲಾದಳು. ಆದರೆ ಹಟವಿತ್ತು. ಪಾಸು ಮಾಡಿಕೊಂಡು ವಿಜಯವಾಡಕ್ಕೆ ಹೋಗಿ ನಗರ ಯೋಜನೆ ಓದಿದಳು.

ಅಪ್ಪ ಮರುಳಸಿದ್ದಪ್ಪನವರಿಗೆ ಅದೊಂದು ತಮಾಷೆ.

"ಊರು ಪ್ಲಾನ್ ಮಾಡಾಕೂ ಒಂದ್ ಓದೈತಾ? ಊರು ತಾನಾಗೇ ಬೆಳೀತೈತೆ ಕಣಮ್ಮ, ತಿಪ್ಪೆ ಬೆಳ್ದಂಗೆ."

"ಅದಕ್ಕೇ ಅಪ್ಪಾ, ನಮ್ಮೂರು ತಿಪ್ಪೆ ತರಾನೇ ಐತೆ."

ಮರುಳಸಿದ್ದಪ್ಪನವರು ಆ ಮಾತನ್ನು ಮಂಡಿಗೆ ಬಂದವರಿಗೆಲ್ಲ ಹೇಳಿಕೊಂಡು ನಕ್ಕರು. ಮಗಳು ತಮ್ಮ ಬಾಯಿ ಮುಚ್ಚಿಸಿದ್ದು ಅವರಿಗೆ ಹೆಮ್ಮೆ.

ಓದು ಮುಗಿದ ಮೇಲೆ ಅವಳು ಹಿಂದೂಪುರಕ್ಕೇ ಬಂದು ಯೋಜನಾ ಕಚೇರಿಯಲ್ಲಿ ಕಾಂಟ್ರ್ಯಾಕ್ಟ್ ಕೆಲಸಕ್ಕೆ ಸೇರಿದಳು. ಗ್ರಂಥಾಲಯ, ಜೂನಿಯರ್ ಕಾಲೇಜು, ಕಂಪ್ಯೂಟರ್ ಕಲಿಸುವ ಕೇಂದ್ರ, ಪರೀಕ್ಷೆಗೆ ತಯಾರು ಮಾಡುವ ಕೋಚಿಂಗ್ ತರಗತಿಗಳು ಎಲ್ಲ ಒಂದೇ ರಸ್ತೆಯಲ್ಲಿದ್ದವು. ಆ ರಸ್ತೆಯನ್ನು ವಿದ್ಯೆಯ ಬೀದಿಯನ್ನಾಗಿ ಮಾಡಬೇಕು, ಊರನ್ನೇ ನಾಲೆಡ್ಜ್ ಸಿಟಿ ಮಾಡಬೇಕು ಎಂಬ ಮಾತು ಆಗ ಕಚೇರಿಯಲ್ಲಿ ನಡೆದಿತ್ತು.

"ನಾಲೆಡ್ಜ್ ಸಿಟಿ ಅಂದ್ರೆ ಏನೇ? ಹೊಸ ಬಿಲ್ಡಿಂಗಾ?" ಎಂದು ಭ್ರಮರಾಂಬಕ್ಕ ಒಂದು ದಿನ ಸೊಪ್ಪು ಬಿಡಿಸುತ್ತ ಕೇಳಿದರು. ನಾನೂ ಅಲ್ಲೇ ಇದ್ದೆ. ನಮ್ಮ ಮನೆ ಅವರ ಪಕ್ಕದ್ದು.

"ಬಿಲ್ಡಿಂಗ್ ಅಲ್ಲಮ್ಮ. ಟೀಚರ್ ಪರೀಕ್ಷೆಗೆ ಓದೋಳು ಒಬ್ಳು ದಿನಾ ಲೈಬ್ರರಿಗೆ ಬತ್ತಾಳೆ. ಅದೇ ಪರೀಕ್ಷೆ ಪಾಸಾದೋಳು ಎದುರುಗಡೆ ಕಂಪ್ಯೂಟರ್ ಕಲಿಯಾಕೆ ಬತ್ತಾಳೆ. ಇಬ್ರೂ ಲೇಪಾಕ್ಷಿಯೋರೇ, ಒಂದೇ ಬಸ್ಸಿಗೆ ಹೋಯ್ತಾರೆ. ಒಬ್ರ ಮುಖ ಒಬ್ರಿಗೆ ಗೊತ್ತಿಲ್ಲ. ಒಂದೊಂದಕ್ಕೂ ಆಳೆತ್ತರ ಕಾಂಪೌಂಡ್ ಕಟ್ಬುಟ್ಟವ್ರೆ. ಗೊತ್ತಿರೋರೂ ಗೊತ್ತಿಲ್ದೋರೂ ಒಂದ್ ಕಡೆ ಕುಂತ್ಕಂಡ್ರೆ ಅದೇ ನಾಲೆಡ್ಜ್ ಸಿಟಿ."

"ಕುಂತ್ಕಳಾಕೆ ಬೆಂಚು ಹಾಕ್ಸಿದ್ರಾಯ್ತಪ್ಪ."

"ಸಾಲಾಗಿ ಬೆಂಚು ಹಾಕಿದ್ರೆ ಡಾಕ್ಟ್ರ ಹತ್ರ ಟೋಕನ್ ತಗಂಡೋರಂಗೆ ಕುಂತಿರ್ತಾರೆ. ಎದುರುಬದುರು ಕುಂತ್ರೆ ಒಬ್ರಾದ್ರೂ ಬಾಯಿ ಬಿಡ್ತಾರೆ. ಅಜ್ಜಿ ಮನೇಲಿ ನೋಡಿಲ್ವಾ ನೀನು?"

ಆ ಭಾನುವಾರ ತಾಯಿ ಮಗಳು ಬಸ್ಸು ಹತ್ತಿ ಕಲ್ಯಾಣದುರ್ಗಕ್ಕೆ ಹೋದರು. ಜಗಲಿಯ ಎತ್ತರ, ಅಗಲ, ಎರಡರ ನಡುವಿನ ಅಂತರ ಎಲ್ಲ ಟೇಪು ಹಿಡಿದು ಅಳೆದರು. ಟೇಪಿನ ಒಂದು ತುದಿ ಭ್ರಮರಾಂಬಕ್ಕನ ಕೈಯಲ್ಲಿ. ಪಿಸುಮಾತೂ ಕೇಳಬೇಕು, ಆದರೆ ಮೊಣಕಾಲು ತಾಗಬಾರದು, ಹಿರಿಯರು ಅದೇ ಲೆಕ್ಕದಲ್ಲಿ ಕಟ್ಟಿದ್ದಾರೆ ನೋಡಮ್ಮ ಎಂದು ಮಗಳು ತೋರಿಸಿದಳಂತೆ. ಆಮೇಲೆ ಇಬ್ಬರೂ ಆ ಜಗಲಿಗಳ ಮೇಲೆ ಎದುರೆದುರಾಗಿ ಕೂತು ಮಂಡಕ್ಕಿ ಒಗ್ಗರಣೆ ತಿಂದರಂತೆ. ಭ್ರಮರಾಂಬಕ್ಕ ಇದನ್ನು ನನಗೆ ಎಷ್ಟೋ ಸಲ ಹೇಳಿದ್ದಾರೆ. ಪ್ರತಿ ಸಲವೂ ಮಂಡಕ್ಕಿಯ ಹತ್ತಿರ ಬಂದು ನಿಲ್ಲಿಸುತ್ತಾರೆ.

ಅವಳು ಬರೆದ ನಕ್ಷೆ ಕಚೇರಿಯಲ್ಲಿ ಒಪ್ಪಿಗೆಯಾಯಿತು. ಗ್ರಂಥಾಲಯದ ಮುಂದಿನ ಎರಡು ಬೇವಿನ ಮರಗಳ ಕೆಳಗೆ ಎರಡು ಉದ್ದನೆಯ ಕಲ್ಲುಕಟ್ಟೆ, ಒಂದರ ಎದುರಿಗೆ ಇನ್ನೊಂದು. ಆ ಮಳೆಗಾಲದಲ್ಲೇ ಪುಷ್ಪಲತಾಳಿಗೆ ಡೆಂಗಿ ಜ್ವರ ಬಂತು. ನೋಡಬೇಕಾದವರೆಲ್ಲ ನೋಡಿದರು, ಮಾಡಬೇಕಾದ್ದೆಲ್ಲ ಮಾಡಿದರು. ವಾರ ತುಂಬುವ ಮೊದಲೇ ಹೋದಳು.

ಲೇಪಾಕ್ಷಿಯ ಹತ್ತಿರ ಮರುಳಸಿದ್ದಪ್ಪನವರ ಹೊಲದಲ್ಲಿ ಮಣ್ಣು ಮಾಡಿದರು. ಆ ಮನೆತನದಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಗದ್ದುಗೆ ಕಟ್ಟುವ ಪದ್ಧತಿಯಿಲ್ಲ. ಹಿರಿಯರಿಗೆಲ್ಲ ಕಲ್ಲಿನ ಗದ್ದುಗೆಗಳಿದ್ದವು, ಅವಳ ಮೇಲೆ ಬರೀ ಮಣ್ಣು. ಮುಂದಿನ ಮಳೆಗೆ ಅಲ್ಲಿ ತುಂಬೆ ಗಿಡಗಳು ಎದ್ದವು. ಭ್ರಮರಾಂಬಕ್ಕ ಅದನ್ನು ನೋಡಿ ಬಂದು, ತುಂಬೆ ಶಿವನಿಗೆ ಪ್ರಿಯವಾದ ಹೂವು, ಇರಲಿ ಬಿಡು ಎಂದರು. ಎರಡು ದಿನ ಊಟ ಮಾಡಲಿಲ್ಲ.

ಕಟ್ಟೆಯ ಕೆಲಸ ಶುರುವಾಗುವ ಮುಂಚೆ ಕಚೇರಿಯ ರಘುನಾಥ್ ಮನೆಗೆ ಬಂದರು. ಪುಷ್ಪಲತಾ ಅವರ ಕೈಕೆಳಗೆ ಕೆಲಸ ಮಾಡಿದವಳು. ಅವಳು ಬರೆದ ಹಾಗೆಯೇ ಕಟ್ಟಿಸುತ್ತೇವೆ, ಗ್ರಂಥಾಲಯದ ಗೋಡೆಗೆ ಅವಳ ಹೆಸರಿನ ಸಣ್ಣ ಫಲಕ ಹಾಕಿಸೋಣ ಎಂದರು. ಕಲ್ಲನ್ನೆಲ್ಲ ನಾವೇ ಕೊಡುತ್ತೇವೆ ಎಂದು ಮರುಳಸಿದ್ದಪ್ಪನವರು ಹೇಳಿದರು. ಭ್ರಮರಾಂಬಕ್ಕ ಫಲಕ ಬೇಡ ಎಂದರು.

"ಗೋಡೆ ಮೂಲೆಗೆ ಹಾಕ್ಬ್ಯಾಡ್ರಿ ಸಾರ್ ಅವ್ಳನ್ನ. ಎರಡು ಕಟ್ಟೆ ನಡೂಮಧ್ಯೆ ಒಂದ್ ಕಲ್ಲು ನಿಲ್ಸಿ. ಎಲ್ರೂ ಮಾತಾಡೋ ಕಡೆ ಇರ್ಲಿ, ಕೇಳ್ಕಂಡಿರ್ತಾಳೆ. ನಮ್ಮ ಮನೇಲಂತೂ ಮಾತು ನಿಂತೋಗೈತೆ. ಅಲ್ಲಾದ್ರೂ ಮಾತು ನಿಲ್ಬಾರ್ದು. ನಂಗೆ ಬೇಕಾಗಿರೋದು ಅಷ್ಟೇ."

ರಘುನಾಥ್ ಆಗಲಿ ಎಂದರು. ಆ ಹೊತ್ತಿನಲ್ಲಿ ಆ ತಾಯಿಗೆ ಯಾರು ತಾನೇ ಬೇಡ ಎಂದಾರು?

ಕಲ್ಲು ಕೆತ್ತಿದವನು ಕಲ್ಯಾಣದುರ್ಗದ ಓಬುಳೇಶ್. ಒಳ್ಳೆಯ ಕೈ. ಹೆಸರೊಂದೇ ಬರೆದರೆ ಅಂಗಡಿಯ ಬೋರ್ಡಿನ ಹಾಗೆ ಕಾಣುತ್ತದೆ ಎಂದು ಭ್ರಮರಾಂಬಕ್ಕ ಮೇಲೆ ಒಂದು ಲಿಂಗ ಕೆತ್ತಿಸಿದರು. ಲಿಂಗದ ಕೆಳಗೆ ನಂದಿ. ಅದರ ಕೆಳಗೆ ಪುಷ್ಪಲತಾ ಎಂದು ಕನ್ನಡದಲ್ಲೂ ತೆಲುಗಿನಲ್ಲೂ. ಹುಟ್ಟಿದ ದಿನ, ಹೋದ ದಿನ ಯಾವುದೂ ಬೇಡ ಎಂದರು. ಹೋದ ದಿನವನ್ನು ಕಲ್ಲಿನಲ್ಲಿ ನೋಡುವ ಶಕ್ತಿ ಅವರಿಗಿರಲಿಲ್ಲ.

ಕಲ್ಲು ನಿಲ್ಲಿಸಿದ ದಿನ ಸಿದ್ದಲಿಂಗೇಶ ಅಯ್ಯನವರು ಬಂದು ವಿಭೂತಿ ಹಚ್ಚಿ, ಬಿಲ್ವಪತ್ರೆ ಏರಿಸಿ, ಮಂಗಳಾರತಿ ಮಾಡಿದರು. ಸೇರಿದವರೆಲ್ಲ ಕೈಮುಗಿದರು. ಯಾರ ಕಣ್ಣಿಗೂ ಅದರಲ್ಲಿ ಎಡವಟ್ಟು ಕಾಣಲಿಲ್ಲ.

ಕಟ್ಟೆಯ ಮೇಲೆ ಕೂತವರ ಕಾಲು ಎಲ್ಲಿಗೆ ಚಾಚುತ್ತದೆ? ಎದುರಿಗೆ. ಎದುರಿಗೆ ಲಿಂಗ. ದೇವರ ಕಡೆಗೆ ಕಾಲು ಚಾಚಿ ಕೂರುವವರು ನಮ್ಮ ಸೀಮೆಯಲ್ಲಿ ಯಾರಿದ್ದಾರೆ? ಮೊದಲ ದಿನ ಒಂದಿಬ್ಬರು ಹುಡುಗಿಯರು ಬಂದು, ಕೂರಲು ಹೋಗಿ, ಕಲ್ಲು ನೋಡಿ, ಚಪ್ಪಲಿ ಬಿಟ್ಟು, ಕೈಮುಗಿದು ಹೋದರು. ಮರುದಿನ ಬಂದವರು ಅಲ್ಲಿ ಹೂವು ಕಂಡು ತಾವೂ ಚಪ್ಪಲಿ ಬಿಟ್ಟರು. ಗೇಟಿನ ಪಕ್ಕ ಬೇಯಿಸಿದ ಕಡಲೆಕಾಯಿ ಮಾರುವ ಪೋಲಮ್ಮ ಬೆಳಿಗ್ಗೆ ಬುಟ್ಟಿ ಇಳಿಸುವ ಮೊದಲು ಕಲ್ಲಿಗೆ ನೀರು ಹಾಕಿ ಕುಂಕುಮವಿಡತೊಡಗಿದಳು. ಯಾರೋ ದೀಪ ತಂದಿಟ್ಟರು. ಪರೀಕ್ಷೆಯ ಕಾಲ ಬಂದಾಗ ತೆಂಗಿನಕಾಯಿ ಒಡೆದರು.

ಭ್ರಮರಾಂಬಕ್ಕನಿಗೆ ಮೊದಮೊದಲು ಸಂತೋಷವೇ ಆಯಿತು. ಗದ್ದುಗೆಯಿಲ್ಲದ ಮಗಳಿಗೆ ಊರೇ ಹೂವು ಹಾಕುತ್ತಿದೆಯಲ್ಲ ಎಂದುಕೊಂಡರು. ಮರುಳಸಿದ್ದಪ್ಪನವರು ಸಂಜೆ ಮಂಡಿಯ ಶಟರ್ ಇಳಿಸಿ ನೇರ ಅಲ್ಲಿಗೆ ಹೋಗಿ ನಿಲ್ಲುತ್ತಿದ್ದರು. ಮಗಳು ಹೋದ ಮೇಲೆ ಆ ಮನುಷ್ಯ ನೆಟ್ಟಗೆ ನಿಂತದ್ದು ಆ ಕಲ್ಲಿನ ಮುಂದೆ ಮಾತ್ರ.

ಒಂದು ಮಧ್ಯಾಹ್ನ ಭ್ರಮರಾಂಬಕ್ಕ ಹೂವು ತೆಗೆದುಕೊಂಡು ಹೋದಾಗ ಇಬ್ಬರು ಹುಡುಗಿಯರು ಗ್ರಂಥಾಲಯದ ಗೋಡೆಗೆ ಒರಗಿ ನಿಂತು ಊಟದ ಡಬ್ಬಿ ತೆರೆದಿದ್ದರು. ಒಬ್ಬಳ ಹೆಸರು ರೇವತಿ, ಲೇಪಾಕ್ಷಿಯಿಂದ ಓದಲು ಬರುವವಳು.

"ಯಾಕಮ್ಮ ನಿಂತ್ಕಂಡು ಉಣ್ತೀರಾ? ಕಟ್ಟೆ ಖಾಲಿ ಐತಲ್ಲ."

"ಅಯ್ಯೋ, ಅಲ್ಲಿ ಬ್ಯಾಡಮ್ಮ. ಅಮ್ಮವಾರಿಗೆ ಕಾಲು ತೋರ್ಸಿದಂಗಾಯ್ತದೆ," ಎಂದಳು ರೇವತಿ.

"ಯಾವ ಅಮ್ಮವಾರು?"

"ಪುಷ್ಪಲತಮ್ಮನೋರು. ನೀವೇ ಹೂವ ತಂದಿದೀರಿ, ನಿಮಗೇ ಗೊತ್ತಿಲ್ವಾ?" ರೇವತಿ ಗೆಳತಿಯ ಕಡೆ ನೋಡಿ ನಕ್ಕಳು. "ಹಳೇ ಕಾಲ್ದೋರಂತೆ. ಶಿವನೇ ಸಾಕು, ಮದುವೆ ಬ್ಯಾಡ ಅಂದ್ಬುಟ್ರಂತೆ. ಇಲ್ಲೇ ಐಕ್ಯ ಆಗಿರೋದು. ನಮ್ ಕೋಚಿಂಗ್ ಸಾರೂ ಕೈ ಮುಗ್ದೇ ಒಳಗೋಗೋದು."

ಸಂಜೆ ಇದನ್ನು ನನಗೆ ಹೇಳುವಾಗ ಭ್ರಮರಾಂಬಕ್ಕನಿಗೆ ನಗು ತಡೆಯಲಾಗಲಿಲ್ಲ.

"ಕೇಳಮ್ಮ, ಮದುವೆ ಬ್ಯಾಡ ಅಂದಿದ್ದು ಶಿವನಿಗೋಸ್ಕರ ಅಂತೆ. ಆ ಪೆನುಕೊಂಡದ ಗಂಡಿನ ಮೀಸೆ ಪೊರಕೆ ಇದ್ದಂಗೈತೆ ಅಂತ ಬ್ಯಾಡ ಅಂದಿದ್ಲು ಅವ್ಳು."

ನಾನೂ ನಕ್ಕೆ. ನಗು ನಿಂತ ಮೇಲೆ ಅವರು ಕೇಳಿದರು: "ಇಷ್ಟು ದಿನದಾಗೆ ಆ ಕಟ್ಟೆ ಮೇಲೆ ಯಾರಾದ್ರೂ ಕುಂತಿದ್ದು ನೋಡಿದೀಯಾ ನೀನು?"

ನಾನು ನೋಡಿರಲಿಲ್ಲ.

ಅಂದಿನಿಂದ ಅವರು ದಿನವೂ ಹೋಗಿ ಬೇವಿನ ಮರದ ಹಿಂದೆ ನಿಂತು ನೋಡತೊಡಗಿದರು. ಜನ ಒಬ್ಬೊಬ್ಬರಾಗಿ ಬರುತ್ತಿದ್ದರು. ಕಣ್ಣು ಮುಚ್ಚಿ ಬೇಡಿಕೊಳ್ಳುತ್ತಿದ್ದರು. ಹೋಗುತ್ತಿದ್ದರು. ಪಕ್ಕದಲ್ಲಿ ಯಾರು ನಿಂತಿದ್ದಾರೆಂದು ಯಾರೂ ತಿರುಗಿ ನೋಡುತ್ತಿರಲಿಲ್ಲ. ಅಲ್ಲಿ ಮಾತಾಡಿದವರನ್ನು ಪೋಲಮ್ಮ ಗದರುತ್ತಿದ್ದಳು: "ಶ್, ಗುಡಿ ಹತ್ರ ಏನ್ಲಾ ನಿಮ್ದು ಗಲಾಟೆ?"

ಭ್ರಮರಾಂಬಕ್ಕ ಗಂಡನ ಹತ್ತಿರ ಮಾತೆತ್ತಿದರು. "ನೋಡ್ರಿ, ಅವ್ಳು ಕಟ್ಟಬೇಕು ಅಂದಿದ್ದು ಇದನ್ನಲ್ಲ. ಕಲ್ಲನ್ನ ಪಕ್ಕಕ್ಕೆ ಸರಿಸೋಣ."

"ಇರೋದೊಂದು ಕಲ್ಲು. ಅದನ್ನೂ ಕೀಳಿಸ್ತೀಯಾ?"

"ಅಲ್ಲಿ ಯಾರೂ ಕುಂತ್ಕಳ್ತಿಲ್ಲ."

"ಕೈ ಮುಗೀತಾವ್ರಲ್ಲ. ಕುಂತ್ಕಳೋದ್ಕಿಂತ ಅದು ಕಮ್ಮೀನಾ?"

ಅದು ಭ್ರಮರಾಂಬಕ್ಕ ತಾವೇ ನಿಲ್ಲಿಸಿದ ಕಲ್ಲು. ಅದನ್ನು ಕಂಡಾಗ ಅವರ ಕೈಯೂ ತಾನಾಗಿ ಮುಗಿಯುತ್ತಿತ್ತು. ದಿನಾ ಪೂಜೆಯ ಹೊತ್ತಿನಲ್ಲಿ, ಅಂಗೈಯಲ್ಲಿ ಇಷ್ಟಲಿಂಗ ಹಿಡಿದಾಗಲೂ ಮನಸ್ಸು ಆ ಖಾಲಿ ಕಟ್ಟೆಗೆ ಓಡುತ್ತದೆ ಎಂದು ನನ್ನ ಹತ್ತಿರ ಹೇಳಿಕೊಂಡರು.

ಫಲಿತಾಂಶಗಳು ಬಂದ ಮೇಲೆ ಒಂದು ಸಂಜೆ ಹುಡುಗಿಯೊಬ್ಬಳು ಕಲ್ಲಿನ ಮುಂದೆ ನೆಲದ ಮೇಲೆ ಕೂತು ಬಿಕ್ಕುತ್ತಿದ್ದಳು. ಅನಿತಾ ಅಂತ, ಜೂನಿಯರ್ ಕಾಲೇಜಿನವಳು. ಜನ ಬಳಸಿಕೊಂಡು ಹೋಗುತ್ತಿದ್ದರು. ದೇವರ ಮುಂದೆ ಅಳುವವರನ್ನು ಮಾತಾಡಿಸಬಾರದು ಎಂಬ ಮರ್ಯಾದೆ. ಭ್ರಮರಾಂಬಕ್ಕ ಹೋಗಿ ಅವಳ ಪಕ್ಕ ಕೂತರು.

"ಏನಾಯ್ತಮ್ಮ?"

"ಲೆಕ್ಕದಾಗೆ ಹೋಯ್ತು. ದಿನಾ ಬಂದು ಬೇಡ್ಕಂಡೆ. ಎಲ್ರನ್ನೂ ಪಾಸ್ ಮಾಡ್ಸಿ ನನ್ನೊಬ್ಳನ್ನ ಬಿಟ್ಬುಟ್ರು ಅಮ್ಮವಾರು. ನನ್ ಮೇಲೆ ಏನ್ ಸಿಟ್ಟೋ."

"ಸಿಟ್ಟೆಲ್ಲಿಂದ ಬತ್ತೈತೆ? ಇವ್ಳೇ ಲೆಕ್ಕದಾಗೆ ಎರಡು ಸಲ ಫೇಲಾಗಿದ್ಲು."

"ಯಾರು?"

"ಇವ್ಳೇ, ಪುಷ್ಪಲತಾ. ನನ್ ಮಗಳು. ಫೇಲಾದ ದಿನ ಚಾಪೆ ಸುತ್ಕಂಡು ಮಲಗಿದ್ಲು, ಸಂಜೆಗೆ ಎದ್ದು ಬೋಂಡ ಕೇಳಿದ್ಲು. ನೀನೂ ಎದ್ದೇಳು."

ಭ್ರಮರಾಂಬಕ್ಕ ಅಂದುಕೊಂಡದ್ದು, ಇದನ್ನು ಕೇಳಿದರೆ ಆ ಹುಡುಗಿ ನಗುತ್ತಾಳೆ, ಇಲ್ಲವೇ ಇನ್ನೇನಾದರೂ ಕೇಳುತ್ತಾಳೆ, ಒಂದು ಮಾತಿಗೆ ಇನ್ನೊಂದು ಮಾತು ಹುಟ್ಟುತ್ತದೆ ಎಂದು. ಅನಿತಾ ಅವರ ಮುಖವನ್ನೇ ನೋಡಿದಳು. ಬಣ್ಣಗೆಟ್ಟಳು. ಹಿಂದಕ್ಕೆ ಸರಿದು, ಅವರ ಎರಡೂ ಪಾದಗಳಿಗೆ ಹಣೆ ಹಚ್ಚಿ, "ತಪ್ಪಾಯ್ತಮ್ಮ, ಸಿಟ್ಟು ಅಂದಿದ್ದು ತಪ್ಪಾಯ್ತು" ಎಂದು ಎದ್ದು ಓಡಿದಳು. ದೇವರ ತಾಯಿಯೇ ಎದ್ದು ಬಂದಳೆಂದು ಹೆದರಿದ್ದಳು ಆ ಮಗು.

ಭ್ರಮರಾಂಬಕ್ಕ ಮನೆಗೆ ಬಂದವರೇ ಗಂಡನಿಗೆ ಹೇಳಿದರು: "ನಾನು ಕೀಳಿಸ್ತೀನಿ."

ಆ ಹುಡುಗಿ ಹೆದರಿ ಓಡಿದ್ದನ್ನೆಲ್ಲ ಮರುಳಸಿದ್ದಪ್ಪನವರು ಹೆಂಡತಿಯ ಬಾಯಿಂದ ಕೇಳಿದರು. "ಕೀಳಿಸು. ಕಲ್ಲು ಮಾತ್ರ ನಂಗೆ ಕೊಟ್ಬುಡು," ಎಂದರು.

ಸಿದ್ದಲಿಂಗೇಶ ಅಯ್ಯನವರನ್ನು ಕೇಳಿದ್ದಕ್ಕೆ ಅವರು, "ಲಿಂಗ ಇದ್ದ ಕಡೆ ಮಾತಾಡಬಾರದು ಅಂತ ಶಿವ ಎಲ್ಲೂ ಹೇಳಿಲ್ಲ ತಾಯಿ. ಆದ್ರೆ ಜನಕ್ಕೆ ಭಯ ಹುಟ್ಟೈತೆ. ಭಯ ಇದ್ದ ಕಡೆ ಕೂಟ ಸೇರಲ್ಲ. ನಾನೇ ಬತ್ತೀನಿ, ಶಾಸ್ತ್ರಕ್ಕೆ ಏನು ಬೇಕೋ ಮಾಡಿ ಬಿಡಿಸಿಕೊಡ್ತೀನಿ," ಎಂದರು. ರಘುನಾಥ್ ಕಚೇರಿಯಿಂದ ಅನುಮತಿ ಕೊಡಿಸಿದರು. "ಆವತ್ತೇ ನಾನು ಹೇಳ್ಬೇಕಿತ್ತು ಅಮ್ಮಾ, ಬಾಯಿ ಬರಲಿಲ್ಲ," ಎಂದಷ್ಟೇ ಹೇಳಿ ತಲೆ ತಗ್ಗಿಸಿದರು.

ಓಬುಳೇಶ್ ಬಂದು ಸುತ್ತಲಿನ ಗಾರೆ ಬಿಡಿಸುವಾಗ ಪೋಲಮ್ಮ ಅಡ್ಡ ನಿಂತಳು.

"ದೇವ್ರನ್ನ ಕೀಳ್ತೀಯಾ? ಕೈ ಬಿದ್ದೋಯ್ತವೆ ನಿಂಗೆ."

"ನನ್ನನ್ನೇನ್ ಕೇಳ್ತೀಯಾ, ನಿಲ್ಸಿದ್ದೂ ನಾನೇ. ಅಮ್ಮನ್ನ ಕೇಳು," ಎಂದ ಓಬುಳೇಶ್.

ಭ್ರಮರಾಂಬಕ್ಕ ಪೋಲಮ್ಮನ ಕೈ ಹಿಡಿದುಕೊಂಡರು. "ದೇವ್ರಲ್ಲ ಕಣಮ್ಮ. ಈ ಕಟ್ಟೆ ಬರೆದ ಹುಡುಗಿ. ಇಲ್ಲೇ ಟೇಪು ಹಿಡ್ಕಂಡು ಅಡ್ಡಾಡ್ತಿದ್ಲು, ಜ್ಞಾಪಕ ಐತಾ? ನೀಲಿ ಬ್ಯಾಗಿನೋಳು."

ಪೋಲಮ್ಮ ಕಲ್ಲನ್ನು ನೋಡಿದಳು. ಅವಳಿಗೆ ಅಕ್ಷರ ಬರುವುದಿಲ್ಲ. "ಆ ಟೇಪಿನ ಅಮ್ಮಯ್ಯನಾ? ನನ್ ಬುಟ್ಟಿ ಎತ್ತಿ ಅತ್ತಗೆ ಇಡು, ಅಳೀಬೇಕು ಅಂತ ಜಗಳ ಆಡ್ತಿದ್ಲಲ್ಲ, ಆಯಮ್ಮನಾ?" ಎಂದಳು. "ಊರು ಬಿಟ್ಟು ಹೋಗವ್ಳೆ ಅಂದ್ಕಂಡಿದ್ನಲ್ಲಮ್ಮ." ಆಮೇಲೆ ನೆಲಕ್ಕೆ ಕುಸಿದು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಇಷ್ಟು ದಿನ ಕುಂಕುಮವಿಟ್ಟವಳು ಪುಷ್ಪಲತಾಳಿಗಾಗಿ ಅತ್ತದ್ದು ಅದೇ ಮೊದಲು. ಭ್ರಮರಾಂಬಕ್ಕನೂ ಪಕ್ಕದಲ್ಲಿ ಕೂತು ಅತ್ತರು. ಅಯ್ಯನವರು ಇಬ್ಬರಿಗೂ ಸಮಾಧಾನವಾಗುವ ತನಕ ಕಾದು, ಪತ್ರೆ ಇಳಿಸಿದರು.

ಕಲ್ಲನ್ನು ಗೂಡ್ಸ್ ಆಟೋದಲ್ಲಿ ಮಂಡಿಗೆ ಸಾಗಿಸಿದರು. ಹುಣಸೆಹಣ್ಣಿನ ಮೂಟೆಗಳ ಹಿಂದೆ, ಗೋಡೆಗೆ ಒರಗಿಸಿ, ಮರುಳಸಿದ್ದಪ್ಪನವರು ಅದಕ್ಕೆ ದಿನವೂ ದೀಪ ಹಚ್ಚುತ್ತಾರೆ. ಭ್ರಮರಾಂಬಕ್ಕ ಅಲ್ಲಿಗೆ ಇಳಿಯುವುದಿಲ್ಲ. ಮರುಳಸಿದ್ದಪ್ಪನವರು ಕಟ್ಟೆಯ ರಸ್ತೆಗೆ ಹೋಗುವುದಿಲ್ಲ. ಊಟಕ್ಕೆ ಕೂತಾಗ ಸಾರು, ಉಪ್ಪು, ಮಜ್ಜಿಗೆ ಇಷ್ಟೇ ಮಾತು. ಜಗಳವೇನಿಲ್ಲ. ಮಗಳು ಒಬ್ಬಳೇ ಆದರೂ ದುಃಖ ಎರಡು ಪಾಲಾಯಿತು.

ಕಲ್ಲು ಹೋದ ಮೇಲೂ ಕಟ್ಟೆ ಖಾಲಿಯೇ ಇತ್ತು. ಜನ ಆ ಜಾಗದ ಹತ್ತಿರ ಬಂದಾಗ ಚಪ್ಪಲಿ ಬಿಡಲೋ ಬೇಡವೋ ಎಂದು ತಡೆದು ಮುಂದೆ ಹೋಗುತ್ತಿದ್ದರು. ಅಮ್ಮವಾರು ಮುನಿಸಿಕೊಂಡು ಹೋದರೆಂದು ಕೆಲವರು ಹೇಳಿದರು. ಭ್ರಮರಾಂಬಕ್ಕ ಮಾತ್ರ ದಿನವೂ ಹೋಗಿ ಒಂದು ಕಟ್ಟೆಯ ಮೇಲೆ ಒಬ್ಬರೇ ಕೂರುತ್ತಿದ್ದರು. ಎದುರಿನದು ಖಾಲಿ. "ಕಲ್ಲೂ ಇಲ್ಲ, ಮಾತೂ ಇಲ್ಲ. ಎರಡೂ ಕಡೆ ಕಳ್ಕಂಡ್ನಾ?" ಎಂದು ಒಮ್ಮೆ ನನ್ನನ್ನು ಕೇಳಿದರು. ನಾನು ಅವರ ಜೊತೆ ಕೂತೆ.

ಬೇಸಿಗೆ ಕಳೆದು ಕಾಲೇಜು ಮತ್ತೆ ತೆರೆಯಿತು. ಹೊಸ ಮಕ್ಕಳು ಬಂದರು. ಅಲ್ಲಿ ಏನಿತ್ತು, ಯಾರಿದ್ದರು ಎಂಬುದು ಅವರಿಗೆ ತಿಳಿಯದು. ಒಂದು ಮಧ್ಯಾಹ್ನ ಇಬ್ಬರು ಹುಡುಗಿಯರು ಚೀಲ ಎಸೆದು ಎದುರಿನ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತರು. ಈ ಕಡೆ ಕಂಪ್ಯೂಟರ್ ಕೇಂದ್ರದ ಇನ್ನೊಬ್ಬಳು ಬಂದು ಕೂತಳು.

"ಅಕ್ಕಾ, ಆ ಸೆಂಟರ್‌ನಾಗೆ ತೆಲುಗಲ್ಲಿ ಹೇಳ್ಕೊಡ್ತಾರಾ, ಇಂಗ್ಲಿಷಾ?" ಎಂದು ಎದುರಿನವಳು ಕೇಳಿದಳು.

"ಸಾರ್‌ಗೆ ಎರಡೂ ಬರಲ್ಲ. ನಾವೇ ಹೇಳ್ಕೊಡೋದು."

ಮೂವರೂ ನಕ್ಕರು. ಮಾತು ಹತ್ತಿಕೊಂಡಿತು. ಹಾಸ್ಟೆಲ್ಲಿನ ಉಪ್ಪಿಟ್ಟು, ಲೇಪಾಕ್ಷಿ ಬಸ್ಸಿನ ಕಂಡಕ್ಟರು, ಯಾವ ಪುಸ್ತಕ ಓದಬೇಕು, ಯಾವುದನ್ನು ಬಿಡಬಹುದು. ಭ್ರಮರಾಂಬಕ್ಕ ಕಟ್ಟೆಯ ಮೇಲೆ ಕೈಯೂರಿಕೊಂಡು ಕೇಳುತ್ತ ಕೂತಿದ್ದರು. ಪುಷ್ಪಲತಾ ಎಂಬ ಹೆಸರು ಅಲ್ಲಿ ಬರಲಿಲ್ಲ. ಇನ್ನು ಬರುವುದೂ ಇಲ್ಲ.

"ಅಜ್ಜೀ, ಒಂಚೂರು ಸರ್ಕಳ್ತೀರಾ? ನಮ್ಮೋಳು ಇನ್ನೊಬ್ಳು ಬತ್ತಾವ್ಳೆ," ಎಂದಳು ಪಕ್ಕದವಳು.

ಭ್ರಮರಾಂಬಕ್ಕ ಸರಿದರು. ಬಂದವಳ ಹಿಂದೆ ಮತ್ತಿಬ್ಬರು ಬಂದರು. ಅವರು ಮತ್ತೆ ಸರಿದರು. ಕಟ್ಟೆ ತುಂಬಿ, ತುದಿಗೆ ಬಂದ ಮೇಲೆ ಎದ್ದು, ಸೆರಗು ಹೊದ್ದುಕೊಂಡು ಮನೆಯ ಕಡೆ ನಡೆದರು. ನಾನು ಅವರ ಹಿಂದೆ ಹೋದೆ. ರಸ್ತೆಯ ತಿರುವಿನ ತನಕ ಹುಡುಗಿಯರ ಮಾತು ಕೇಳಿಸುತ್ತಿತ್ತು. ಆಮೇಲೆ ಮಂಡಿಯ ಬೀದಿ ಬಂತು.